ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದರೂ ಗೇಮ್‌ನ ಎಫ್‌ಪಿಎಸ್ (ಸೆಕೆಂಡಿಗೆ ತೆರೆಗೆ ಬರುವ ಫ್ರೇಮ್‌ಗಳ, ಅಂದರೆ ಚಿತ್ರಗಳ ಸಂಖ್ಯೆ) ಯಾಕೆ ಏರುವುದಿಲ್ಲ?

ಹೆಚ್ಚಿನ ಸಲ ಕಾರಣ ಹಳೆಯ ಪ್ರೊಸೆಸರ್. ಕಾರ್ಡ್ ಕೆಲಸಕ್ಕಾಗಿ ಕಾಯುತ್ತಿರುತ್ತದೆ, ಪ್ರೊಸೆಸರ್ ಅದನ್ನು ಒದಗಿಸುವುದರಲ್ಲಿ ಹಿಂದೆ ಬಿದ್ದಿರುತ್ತದೆ.

ಪ್ರತಿ ಫ್ರೇಮೂ ಎರಡು ಕೈ ದಾಟಿ ಬರುತ್ತದೆ. ಎದುರಾಳಿ ಎಲ್ಲಿದ್ದಾನೆ, ಗುಂಡು ಯಾರಿಗೆ ತಗುಲಿತು, ತೆರೆಯ ಮೇಲೆ ಏನೇನು ಬಿಡಿಸಬೇಕು ಎಂದು ಪ್ರೊಸೆಸರ್ ಲೆಕ್ಕ ಹಾಕಿ ಕೊಡುತ್ತದೆ. ಆ ಪಟ್ಟಿ ಹಿಡಿದು ಕಾರ್ಡ್ ಒಂದೊಂದು ಪಿಕ್ಸೆಲ್‌ಗೂ ಬಣ್ಣ ತುಂಬುತ್ತದೆ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದಕ್ಕೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಪ್ರೊಸೆಸರ್ ತನ್ನ ಪಾಲಿನ ಕೆಲಸಕ್ಕೇ 20 ಮಿಲಿಸೆಕೆಂಡ್ ತೆಗೆದುಕೊಂಡರೆ, ಎಷ್ಟೇ ಬಲವಾದ ಕಾರ್ಡ್ ಇದ್ದರೂ 50ರ ಗಡಿ ದಾಟುವುದು ಕಷ್ಟ.

ಇದನ್ನು ನೀವೇ ಪರೀಕ್ಷಿಸಬಹುದು. ಗೇಮ್‌ನ ರೆಸಲ್ಯೂಶನ್ (ಬಿಡಿಸಬೇಕಾದ ಪಿಕ್ಸೆಲ್‌ಗಳ ಸಂಖ್ಯೆ) ಇಳಿಸಿ ನೋಡಿ. ಎಫ್‌ಪಿಎಸ್ ಇದ್ದಲ್ಲೇ ಇದ್ದರೆ ತಡೆ ಇರುವುದು ಪ್ರೊಸೆಸರ್‌ನಲ್ಲಿ. ಚೆನ್ನಾಗಿ ಏರಿದರೆ ಕಾರ್ಡೇ ಮಿತಿ. 4ಕೆ ಮಾನಿಟರ್ ಇದ್ದವರಿಗೆ ಹೊಸ ಕಾರ್ಡಿನ ಲಾಭ ಎದ್ದು ಕಾಣುವುದೂ ಇದಕ್ಕೇ: ಅಲ್ಲಿ 1080ಪಿಗಿಂತ 4 ಪಟ್ಟು ಪಿಕ್ಸೆಲ್‌ಗಳಿವೆ, ಪ್ರೊಸೆಸರ್‌ನ ಕೆಲಸ ಮಾತ್ರ ಹೆಚ್ಚುಕಡಿಮೆ ಅಷ್ಟೇ.

ಆದರೆ ಇದೆಲ್ಲಕ್ಕೂ ಮೊದಲು ಮಾನಿಟರ್ ಕೇಬಲ್ ಮದರ್‌ಬೋರ್ಡ್‌ಗಲ್ಲ, ಹೊಸ ಕಾರ್ಡಿಗೇ ಚುಚ್ಚಿದೆಯೇ ಎಂದು ದಯವಿಟ್ಟು ನೋಡಿಕೊಳ್ಳಿ. ಫ್ರೇಮ್‌ಗಳನ್ನು ಮಾನಿಟರ್‌ನ ವೇಗಕ್ಕೆ ಹೊಂದಿಸುವ ವಿ-ಸಿಂಕ್ ಎಂಬ ಸೆಟ್ಟಿಂಗ್ ಆನ್ ಆಗಿದ್ದರೂ ಎಫ್‌ಪಿಎಸ್ ಮಾನಿಟರ್‌ನ ರಿಫ್ರೆಶ್ ದರಕ್ಕೇ (ಅದು ಸೆಕೆಂಡಿಗೆ ಚಿತ್ರ ಬದಲಿಸುವ ಸಲಗಳ ಸಂಖ್ಯೆಗೇ) ನಿಂತುಬಿಡುತ್ತದೆ.