ಪ್ರತಿಕ್ರಿಯೆ: ಲಾ ಫಾಲೆಟ್ ಸೆನೆಟರ್ ಆಗಿದ್ದು 1905ರಲ್ಲೋ 1906ರಲ್ಲೋ?

ಲಾ ಫಾಲೆಟ್ ಬಗ್ಗೆ ಪ್ರಬಂಧ ಬರೀತಾ ಟೈಮ್‌ಲೈನ್ ಮಾಡ್ತಿದ್ದೀನಿ, ಅವರು ಸೆನೆಟರ್ ಆದ ವರ್ಷ ಯಾವ್ದು ಅಂತ ಕೇಳಿದ್ರಲ್ಲ, ಒಂದ್ಕಡೆ 1905, ಇನ್ನೊಂದ್ಕಡೆ 1906 ಅಂತ ಸಿಗ್ತಿರೋದು ಬಹುಶಃ ಆಯ್ಕೆಯಾದ ವರ್ಷ ಬೇರೆ, ಅಧಿಕಾರ ವಹಿಸ್ಕೊಂಡ ವರ್ಷ ಬೇರೆ ಆಗಿರೋದ್ರಿಂದ. ರಾಬರ್ಟ್ ಲಾ ಫಾಲೆಟ್ 1901ರಿಂದ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗವರ್ನರ್, 1905ರ ಜನವರಿಯಲ್ಲಿ ಅಲ್ಲಿನ ಶಾಸಕರು ಅವರನ್ನ ಅಮೆರಿಕದ ಸೆನೆಟ್‌ಗೆ (ಅಲ್ಲಿನ ಸಂಸತ್ತಿನ ಮೇಲ್ಮನೆ) ಆರಿಸಿದ್ರು (ಎಲ್ಲಾ ರಾಜ್ಯದಲ್ಲೂ ಜನರೇ ನೇರವಾಗಿ ಓಟು ಹಾಕೋ ಪದ್ಧತಿ ಬಂದಿದ್ದು 1913ರ ತಿದ್ದುಪಡಿ ಆದ್ಮೇಲೆ), ಆದ್ರೆ ಅವರು ತಕ್ಷಣ ವಾಷಿಂಗ್ಟನ್‌ಗೆ ಹೋಗ್ಲಿಲ್ಲ, ರೈಲ್ವೆ ಕಂಪನಿಗಳಿಗೆ ಕಡಿವಾಣ ಹಾಕೋ ಕಮಿಷನ್ ಕಾನೂನು ಪಾಸ್ ಮಾಡಿಸಿ 1906ರ ಜನವರಿಯಲ್ಲೇ ಗವರ್ನರ್ ಹುದ್ದೆ ಬಿಟ್ಟಿದ್ದು. ಕೈಗೆ ಬಂದ ದೊಡ್ಡ ಸೀಟನ್ನ ಕಾಯಿಸಿ ರಾಜ್ಯದ ಕೆಲಸ ಮುಗಿಸಿದ್ದು ನಿಜಕ್ಕೂ ದೊಡ್ಡ ವಿಷ್ಯ, ಪ್ರಬಂಧದಲ್ಲಿ ಅದನ್ನ ಬಿಡ್ಬೇಡಿ.

ಮೊದ್ಲು ಟೈಮ್‌ಲೈನ್‌ನಲ್ಲಿ ‘ಆಯ್ಕೆ’, ‘ಅಧಿಕಾರ ಸ್ವೀಕಾರ’ ಅಂತ ಎರಡು ಕಾಲಂ ಮಾಡಿ. ಗವರ್ನರ್ 1901–1906, ಸೆನೆಟರ್ 1906–1925 ಅಂತ ಹಾಕಿ. ಅವರು ಸ್ಪರ್ಧಿಸಿದ್ದ 1924ರ ಅಧ್ಯಕ್ಷೀಯ ಚುನಾವಣೆ ಬೇರೆ ಸಾಲಲ್ಲಿ ಬರೀರಿ, ಗೆದ್ದಿದ್ದು ವಿಸ್ಕಾನ್ಸಿನ್ ಒಂದೇ ಆದ್ರೂ ಸುಮಾರು ಶೇ. 17ರಷ್ಟು ಓಟು ಬಂದಿತ್ತು.

ಆಮೇಲೆ 1925ರ ನಂತರದ್ದು ಏನಾದ್ರೂ ಸೇರಿದ್ಯಾ ನೋಡಿ, ಇದ್ರೆ ಅದು ಹೆಚ್ಚಾಗಿ ಮಗಂದಿರುತ್ತೆ, ಅದೇ ಹೆಸರಿನ ಜೂನಿಯರ್, ಅಪ್ಪ ತೀರ್ಕೊಂಡ್ಮೇಲೆ ಅದೇ ಸೀಟಿಗೆ ಬಂದವರು, ಅದನ್ನ ತೆಗೀರಿ. 1930ರ ದಶಕದ ಗವರ್ನರ್ ಲಾ ಫಾಲೆಟ್ ಇನ್ನೊಬ್ಬ ಮಗ ಫಿಲಿಪ್.