ಮೇಷ್ಟ್ರೇ, ಸಿಪ್ಪೆ ಸುಲಿದ ಕಿತ್ತಳೆ ಮುಳುಗಿದ್ದು ಯಾಕೆ?

ಪ್ರಿಯ ಮೇಷ್ಟ್ರೇ,

ಹೈಸ್ಕೂಲ್ ಮಕ್ಕಳಿಗೆ ಸಾಂದ್ರತೆ, ಭೌತ ಗುಣ, ರಾಸಾಯನಿಕ ಗುಣ ಇವನ್ನು ಹೇಳಿಕೊಡುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ. ಹಾಲಿನ ಸಾಂದ್ರತೆ ನೋಡಲು ಡೈರಿಯಲ್ಲಿ ಬಳಸುವ ಲ್ಯಾಕ್ಟೋಮೀಟರ್ ಬಗ್ಗೆ ಬರೆದ ಪ್ಯಾರಾ ಚೆನ್ನಾಗಿದೆ. ಆದರೆ ಈಗಿರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲು ನನಗೆ ಮನಸ್ಸಿಲ್ಲ. ಎರಡು ವಾಕ್ಯಗಳನ್ನು ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ಮುಖ್ಯವಾಗಿ ಅವೆರಡರ ಬಗ್ಗೆ ಬರೆಯುತ್ತೇನೆ.

ಮೊದಲನೆಯದು ಎರಡನೇ ಪುಟದಲ್ಲಿದೆ: 'ಭಾರವಾದ ವಸ್ತು ನೀರಿನಲ್ಲಿ ಮುಳುಗುತ್ತದೆ, ಹಗುರವಾದದ್ದು ತೇಲುತ್ತದೆ.' ಸಣ್ಣ ಮೊಳೆ ಒಂದೆರಡು ಗ್ರಾಂ ತೂಗುತ್ತದೆ, ಅದು ತಳ ಸೇರುತ್ತದೆ. ಕ್ವಿಂಟಲ್‌ಗಟ್ಟಲೆ ತೂಗುವ ಮರದ ದಿಮ್ಮಿ ಕೆರೆಯಲ್ಲಿ ತೇಲುತ್ತದೆ. ಇದು ನಿಮ್ಮ ಮಕ್ಕಳಿಗೆ ಗೊತ್ತು. ಅದರ ಕೆಳಗಿನ ಸಾಲು: 'ಕಬ್ಬಿಣ ಹತ್ತಿಗಿಂತ ಭಾರ.' ಎಷ್ಟು ಕಬ್ಬಿಣ, ಎಷ್ಟು ಹತ್ತಿ? ಒಂದು ಮೂಟೆ ಹತ್ತಿಯನ್ನು ಹೊತ್ತವನು ಇದನ್ನು ಒಪ್ಪುತ್ತಾನಾ? ಅದರ ಮುಂದಿನದು: 'ಸಾಂದ್ರತೆ ಅಂದರೆ ದ್ರವ್ಯರಾಶಿ ಭಾಗಿಸು ಗಾತ್ರ. ಈ ಸೂತ್ರವನ್ನು ಬಾಯಿಪಾಠ ಮಾಡಿಸಬೇಕು.' ಅಲ್ಲಿಯವರೆಗೆ ಗಾತ್ರದ ಮಾತೇ ಬಂದಿಲ್ಲ. ಇದ್ದಕ್ಕಿದ್ದಂತೆ ಸೂತ್ರದಲ್ಲಿ ಬಂದು ಕೂತಿದೆ. ಗಾತ್ರದಿಂದ ಯಾಕೆ ಭಾಗಿಸಬೇಕು ಅಂತ ಒಂದು ಮಗು ಕೇಳಿದರೆ ನಿಮ್ಮ ಲೇಖನದಲ್ಲಿ ಉತ್ತರ ಇಲ್ಲ.

ನಾನು ಈ ಕೆಲಸ ಕಲಿತದ್ದು ಒಂದು ವಿಜ್ಞಾನ ಮಾಸಪತ್ರಿಕೆಯಲ್ಲಿ. ಅಲ್ಲಿನ ಸಂಪಾದಕರು ಪ್ರಯೋಗದ ಲೇಖನ ಬಂದರೆ ಮಾಡಿ ನೋಡದೆ ಅಚ್ಚಿಗೆ ಬಿಡುತ್ತಿರಲಿಲ್ಲ. ಅವರ ಮೇಜಿನ ಕೆಳಗೆ ಒಂದು ತಕ್ಕಡಿ, ನಾಲ್ಕಾರು ಲೋಟ, ಒಂದು ಬಕೆಟ್ ಸದಾ ಇರುತ್ತಿದ್ದವು. ನೀರು ತರುವುದು, ಲೋಟ ತೊಳೆಯುವುದು ನನ್ನ ಪಾಲು. ಒಮ್ಮೆ ನಿಮ್ಮ ವಾಕ್ಯದಂಥದ್ದೇ ಇದ್ದ ಒಂದು ಲೇಖನ ಬಂತು. ಊಟಕ್ಕೆ ತಂದಿದ್ದ ಕಿತ್ತಳೆಯನ್ನು ಅವರು ಬಕೆಟ್ ನೀರಿಗೆ ಬಿಟ್ಟರು. ತೇಲಿತು. ತೆಗೆದು ಸಿಪ್ಪೆ ಸುಲಿದು ಮತ್ತೆ ಬಿಟ್ಟರು. ಮುಳುಗಿತು. 'ಸಿಪ್ಪೆ ಹೋದ ಮೇಲೆ ಭಾರ ಜಾಸ್ತಿ ಆಯ್ತೋ, ಕಮ್ಮಿ ಆಯ್ತೋ?' ಅಂತ ಕೇಳಿ, ಲೇಖನವನ್ನು ನನ್ನ ಕಡೆಗೆ ತಳ್ಳಿದರು.

ಹಣ್ಣು ಹಗುರಾಗಿ ಮುಳುಗಿತು! ಸಿಪ್ಪೆಯ ಒಳಗಿನ ಬಿಳಿ ಪದರದಲ್ಲಿ ಗಾಳಿ ತುಂಬಿರುತ್ತದೆ. ಅದು ಹಣ್ಣಿನ ಗಾತ್ರವನ್ನು ಹೆಚ್ಚಿಸುತ್ತದೆ, ತೂಕವನ್ನು ಅಷ್ಟಾಗಿ ಹೆಚ್ಚಿಸುವುದಿಲ್ಲ. ಇದನ್ನು ನೋಡಿದ ಮಗು ಗಾತ್ರದ ಲೆಕ್ಕವನ್ನು ತಾನೇ ಕೇಳುತ್ತದೆ. ಸೂತ್ರ ಆಮೇಲೆ ಬರಲಿ.

ಸೂತ್ರಕ್ಕೆ ಬಂದಾಗ ಹಾರ್ಡ್‌ವೇರ್ ಅಂಗಡಿಯಿಂದ ಬೇರೆ ಬೇರೆ ಅಳತೆಯ ಕಬ್ಬಿಣದ ಬೋಲ್ಟ್ ತನ್ನಿ. ಒಂದೊಂದು ಗುಂಪಿಗೆ ಒಂದೊಂದು ಅಳತೆಯದು. ಮೊದಲು ತೂಗಲಿ. ಆಮೇಲೆ ಅಳತೆ ಸಿಲಿಂಡರಿಗೆ 50 ಮಿ.ಲೀ. ನೀರು ಹಾಕಿ, ಬೋಲ್ಟ್ ಇಳಿಬಿಟ್ಟು, ನೀರು ಎಲ್ಲಿಗೆ ಏರಿತು ಅಂತ ನೋಡಲಿ. 39 ಗ್ರಾಂ ತೂಗುವ ಬೋಲ್ಟ್ ಹಾಕಿದರೆ ಸುಮಾರು 5 ಮಿ.ಲೀ. ಏರುತ್ತದೆ. ಭಾಗಿಸಿದರೆ 7.8, ಅಂದರೆ ಒಂದು ಮಿ.ಲೀ.ಗೆ 7.8 ಗ್ರಾಂ. ಪಕ್ಕದ ಗುಂಪಿನದು 78 ಗ್ರಾಂ, ನೀರು ಏರುವುದು 10 ಮಿ.ಲೀ. ಅದೂ 7.8. ಆದರೆ ಒಂದೇ ಸಣ್ಣ ಬೋಲ್ಟ್ ಹಾಕಿ ನೀರಿನ ಮಟ್ಟವನ್ನು ಅರ್ಧ ಮಿ.ಲೀ. ತಪ್ಪಾಗಿ ಓದಿದರೂ 7.8 ಇದ್ದದ್ದು 7.1 ಆಗಿಬಿಡುತ್ತದೆ. ನಾಲ್ಕೈದು ಬೋಲ್ಟ್ ಒಟ್ಟಿಗೆ ಹಾಕಿಸಿ, ತಪ್ಪು ಅಷ್ಟು ಹೊಡೆಯುವುದಿಲ್ಲ. ಎಲ್ಲ ಗುಂಪುಗಳ ಉತ್ತರವನ್ನೂ ಬೋರ್ಡ್ ಮೇಲೆ ಬರೆಯಿರಿ. ತೂಕ ಬೇರೆ, ಗಾತ್ರ ಬೇರೆ, ಉತ್ತರ ಮಾತ್ರ ಹತ್ತಿರ ಹತ್ತಿರ ಒಂದೇ. ಅಲ್ಯೂಮಿನಿಯಂ ತುಂಡಿಗೆ 2.7ರ ಹತ್ತಿರ ಬರುತ್ತದೆ. ಬೋಲ್ಟ್ ಚಿಕ್ಕದೋ ದೊಡ್ಡದೋ ಅನ್ನುವುದು ಈ ಸಂಖ್ಯೆಗೆ ಲೆಕ್ಕಕ್ಕಿಲ್ಲ, ಅದು ಕಬ್ಬಿಣದ್ದು. ಗುಣ ಅಂದರೆ ಇದೇ ಅಲ್ವಾ?

ಎರಡನೇ ವಾಕ್ಯ: 'ಮತ್ತೆ ಮೊದಲಿನಂತೆ ಮಾಡಲು ಆದರೆ ಭೌತ ಬದಲಾವಣೆ, ಆಗದಿದ್ದರೆ ರಾಸಾಯನಿಕ.' ಎಷ್ಟೋ ಗೈಡ್‌ಗಳಲ್ಲಿ ಇದೆ ಅಂತ ನನಗೂ ಗೊತ್ತು. ಗಿರಣಿಯಲ್ಲಿ ಅಕ್ಕಿಯನ್ನು ಹಿಟ್ಟು ಮಾಡಿಸಿದ ಮೇಲೆ ಮತ್ತೆ ಕಾಳು ಮಾಡಿ ನೋಡೋಣ. ಆಗಲ್ಲ. ಹಾಗಂತ ಹಿಟ್ಟು ಬೇರೆ ಪದಾರ್ಥ ಆಯ್ತಾ? ಇನ್ನೊಂದು ಕಡೆ, ಅಡಿಕೆ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಹಾಕುವ ಮೈಲುತುತ್ತವನ್ನು (ಕಾಪರ್ ಸಲ್ಫೇಟ್) ತೆಗೆದುಕೊಳ್ಳಿ. ನಾಲ್ಕು ಹರಳನ್ನು ಪ್ರನಾಳದಲ್ಲಿ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ. ವಿಷದ ಪದಾರ್ಥ, ನೀವೇ ಮಾಡಿ ತೋರಿಸಿ. ಪ್ರನಾಳದ ಬಾಯಿಯ ಹತ್ತಿರ ನೀರಿನ ಹನಿ ಕೂರುತ್ತದೆ. ನೀಲಿ ಹೋಗಿ ಬೂದಿಯಂಥ ಬಿಳಿ ಪುಡಿ ಉಳಿಯುತ್ತದೆ. ಆರಿದ ಮೇಲೆ ಎರಡು ಹನಿ ನೀರು ಬಿಡಿ. ನೀಲಿ ವಾಪಸ್ ಬರುತ್ತದೆ, ಪ್ರನಾಳ ಬಿಸಿಯಾಗುತ್ತದೆ. ಹರಳಿನೊಳಗೆ ಕಟ್ಟಿಕೊಂಡಿದ್ದ ನೀರು ಬಿಟ್ಟು ಹೋಗಿ ಮತ್ತೆ ಕೂಡಿಕೊಂಡಿತು. ಇದು ರಾಸಾಯನಿಕ ಬದಲಾವಣೆ, ಆದರೂ ಮೊದಲಿನಂತಾಯಿತು. ದಿನಾ ಚಾರ್ಜ್ ಮಾಡುವ ಮೊಬೈಲ್ ಬ್ಯಾಟರಿಯೂ ಹಾಗೇ. ಮಗು ಕೇಳಬೇಕಾದ ಪ್ರಶ್ನೆ ಒಂದೇ: ಬೇರೆ ಪದಾರ್ಥ ಹುಟ್ಟಿತಾ?

ಅದೇ ಪುಟದ ಪಟ್ಟಿಯಲ್ಲಿ 'ತುಕ್ಕು ಹಿಡಿಯುವುದು' ಅಂತ ಬರೆದು ಸುಮ್ನೆ ಮುಂದೆ ಹೋಗಿದ್ದೀರಿ. ನಿಮ್ಮ ಎರಡು ಪಾಠಗಳೂ ಕೂಡುವ ಜಾಗ ಅದು. ಸಾಂದ್ರತೆ ಭೌತ ಗುಣ: ತೂಗಿ, ನೀರಿಗೆ ಹಾಕಿ ತೆಗೆದ ಬೋಲ್ಟ್ ಇನ್ನೂ ಕಬ್ಬಿಣವೇ. ತುಕ್ಕು ಹಿಡಿಯುವುದು ರಾಸಾಯನಿಕ ಗುಣ, ಅದನ್ನು ನೋಡಬೇಕಾದರೆ ಸ್ವಲ್ಪ ಕಬ್ಬಿಣವನ್ನು ಕಳೆದುಕೊಳ್ಳಲೇಬೇಕು. ತುಕ್ಕು ಬೇರೆ ಪದಾರ್ಥ, ಅದರ ಸಾಂದ್ರತೆ ಕಬ್ಬಿಣಕ್ಕಿಂತ ಕಮ್ಮಿ, ಹಾಗಾಗಿ ಅದಕ್ಕೆ ಜಾಗ ಜಾಸ್ತಿ ಬೇಕು. ಹಳೇ ಆರ್‌ಸಿಸಿ ಚಾವಣಿಯಲ್ಲಿ ಕಂಬಿಗೆ ತುಕ್ಕು ಹಿಡಿದು ಉಬ್ಬಿ, ಸಿಮೆಂಟ್ ಹಕ್ಕಳೆ ಎದ್ದು ಉದುರುವುದು ಇದಕ್ಕೇ.

'ಸಾಂದ್ರತೆ ಭೌತಶಾಸ್ತ್ರದ ವಿಷಯ, ರಸಾಯನಶಾಸ್ತ್ರಕ್ಕೆ ಅಷ್ಟು ಬೇಕಾಗದು' ಅಂತಲೂ ಒಂದು ಕಡೆ ಇದೆ. 1875ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲಕಾಕ್ ದ ಬ್ವಾಬೊದ್ರಾ ಗ್ಯಾಲಿಯಂ ಅನ್ನುವ ಲೋಹ ಕಂಡುಹಿಡಿದು, ಅದರ ಸಾಂದ್ರತೆ 4.7 ಅಂದರು. ಧಾತುಗಳ ಆವರ್ತ ಕೋಷ್ಟಕ ಮಾಡಿದ ಮೆಂಡಲೀವ್, ಆ ಲೋಹವನ್ನು ಕಣ್ಣಲ್ಲೂ ನೋಡಿರದೆ, ಅದು 5.9ರ ಹತ್ತಿರ ಇರಬೇಕು ಅಂದರು. ಅವರ ಕೋಷ್ಟಕದಲ್ಲಿ ಖಾಲಿ ಇದ್ದ ಮನೆಯ ಅಕ್ಕಪಕ್ಕದ ಧಾತುಗಳಿಂದ ಹಾಕಿದ ಲೆಕ್ಕ ಅದು. ಲೋಹವನ್ನು ಇನ್ನಷ್ಟು ಶುದ್ಧ ಮಾಡಿ ಅಳೆದಾಗ 5.9 ಬಂತು. ಇಂಥ ವಿಷಯ ರಸಾಯನಶಾಸ್ತ್ರಕ್ಕೆ ಬೇಡ ಅಂತ ಹೇಗೆ ಬರೆದಿರಿ?

ಇನ್ನೊಮ್ಮೆ ಬರೆಯಿರಿ. ಲ್ಯಾಕ್ಟೋಮೀಟರನ್ನು ಮೊದಲ ಪುಟಕ್ಕೆ ತನ್ನಿ. ಹಾಲಿಗೆ ನೀರು ಬೆರೆಸಿದರೆ ಅದರ ರೀಡಿಂಗ್ ಇಳಿಯುತ್ತದೆ, ಇಷ್ಟನ್ನು ಬರೆದಿದ್ದೀರಿ. ಕೆನೆ ತೆಗೆದರೆ ಏರುತ್ತದೆ, ಅದನ್ನು ಬಿಟ್ಟಿದ್ದೀರಿ. ಎರಡನ್ನೂ ಮಾಡಿದರೆ ರೀಡಿಂಗ್ ಸರಿಯಾಗಿಯೇ ಕಾಣಬಹುದು, ಅದಕ್ಕೇ ಡೈರಿಯಲ್ಲಿ ಕೊಬ್ಬನ್ನೂ ನೋಡುತ್ತಾರೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಶಾಲೆಗೆ ಬರುವ ಮಕ್ಕಳು ನಿಮ್ಮ ತರಗತಿಯಲ್ಲಿದ್ದಾರೆ ಅಂತ ನೀವೇ ಹೇಳಿದ್ದೀರಿ. ಅವರನ್ನು ಕೇಳಿ ಬರೆಯಿರಿ. ಬೋಲ್ಟಿನ ಅಂಕಿಗಳನ್ನೂ ಮಕ್ಕಳು ಬರೆದುಕೊಂಡ ಹಾಗೇ ಕಳಿಸಿ, ಹೊಂದದೆ ಹೋದವೂ ಇರಲಿ.