ಪ್ಯಾರಮೀಸಿಯಂನ ಹಳೆಯ ದೊಡ್ಡ ಕೋಶಕೇಂದ್ರ ಏನಾಗುತ್ತದೆ?

ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಯಲ್ಲಿ ದೊಡ್ಡದು, ಚಿಕ್ಕದು ಎಂದು ಎರಡು ಬಗೆಯ ಕೋಶಕೇಂದ್ರಗಳಿವೆ. ಸಂಯುಗ್ಮನದ (ಎರಡು ಜೀವಿಗಳು ಕೂಡಿ ವಂಶವಾಹಿಗಳನ್ನು ಹಂಚಿಕೊಳ್ಳುವುದು) ನಂತರ ದೊಡ್ಡ ಕೋಶಕೇಂದ್ರ ಒಡೆದುಹೋಗುತ್ತದೆ ಎಂದು ಪುಸ್ತಕದಲ್ಲಿದೆ, ಹಾಗಿದ್ದರೆ ಹೊಸದು ಹುಟ್ಟುವವರೆಗೆ ಜೀವಕೋಶವನ್ನು ನಡೆಸುವವರು ಯಾರು ಎಂದು ಕೇಳಿದ್ದೀರಿ. ತುಂಬಾ ಒಳ್ಳೆಯ ಪ್ರಶ್ನೆ.

ಅದು ಒಡೆಯುವುದು ನಿಜ, ಆದರೆ ತಕ್ಷಣ ಸಾಯುವುದಿಲ್ಲ. ಚೂರುಗಳು ಕೋಶದೊಳಗೇ ಉಳಿದು ಇನ್ನೂ ಒಂದಷ್ಟು ಕಾಲ ಆರ್‌ಎನ್‌ಎ (ಡಿಎನ್‌ಎಯ ಆದೇಶವನ್ನು ಒಯ್ಯುವ ಅಣು) ತಯಾರಿಸುತ್ತಿರುತ್ತವೆ. ಚಿಕ್ಕ ಕೋಶಕೇಂದ್ರ ದಿನನಿತ್ಯದ ಕೆಲಸಕ್ಕೆ ಬರುವುದಿಲ್ಲ. ಅದು ಮುಂದಿನ ಪೀಳಿಗೆಗೆ ಎತ್ತಿಟ್ಟ ಬೀಜದ ಭತ್ತದಂತೆ.

ನನಗೆ ಇದಕ್ಕಿಂತ ಅದ್ಭುತವೆನಿಸುವುದು ಹೊಸ ದೊಡ್ಡ ಕೋಶಕೇಂದ್ರ ಹುಟ್ಟುವ ಬಗೆ. ಪ್ಯಾರಮೀಸಿಯಂ ಟೆಟ್ರಾರೇಲಿಯಾ ಎಂಬ ಪ್ರಭೇದದಲ್ಲಿ ಡಿಎನ್‌ಎಯನ್ನು ಸುಮಾರು 800 ಪ್ರತಿಗಳವರೆಗೆ ಹೆಚ್ಚಿಸುತ್ತಾ, ಸುಮಾರು 45,000 ಅನಗತ್ಯ ತುಣುಕುಗಳನ್ನು ಕತ್ತರಿಸಿ ತೆಗೆಯಲಾಗುತ್ತದೆ. ಯಾವುದನ್ನು ತೆಗೆಯಬೇಕು? ಚಿಕ್ಕ ಕೋಶಕೇಂದ್ರದಿಂದ ಬಂದ ಪುಟ್ಟ ಆರ್‌ಎನ್‌ಎಗಳನ್ನು ಹಳೆಯ ದೊಡ್ಡ ಕೋಶಕೇಂದ್ರದೊಂದಿಗೆ ಹೋಲಿಸಿ ನೋಡಲಾಗುತ್ತದೆ. ಹಳೆಯದರಲ್ಲಿ ಇಲ್ಲದ ತುಣುಕು ಹೊಸದರಿಂದಲೂ ಹೊರಬೀಳುತ್ತದೆ. ಎಲ್ಲ ತುಣುಕುಗಳಿಗೂ ಈ ಹೋಲಿಕೆ ಬೇಕಿಲ್ಲ, ಹಲವಕ್ಕೆ ಮಾತ್ರ.

ಹೀಗಾಗಿ ಸಾಯುತ್ತಿರುವ ಕೋಶಕೇಂದ್ರವೇ ಹೊಸದಕ್ಕೆ ದಾರಿ ತೋರಿಸುತ್ತದೆ. ಇದಕ್ಕೊಂದು ಉದಾಹರಣೆ ನೋಡಿ. 1937ರಲ್ಲಿ ಜೀವವಿಜ್ಞಾನಿ ಟ್ರೇಸಿ ಸಾನ್‌ಬಾರ್ನ್ ಪ್ಯಾರಮೀಸಿಯಂನಲ್ಲಿ ಕೂಡುವ ಬಗೆಗಳನ್ನು (ಒಂದು ಬಗೆಯದು ಇನ್ನೊಂದು ಬಗೆಯದರೊಂದಿಗೆ ಕೂಡುತ್ತದೆ) ಕಂಡುಹಿಡಿದಿದ್ದರು. ಟೆಟ್ರಾರೇಲಿಯಾದಲ್ಲಿ 'ಓ' ಮತ್ತು 'ಇ' ಎಂಬ ಎರಡು ಬಗೆಗಳಿವೆ. ಸಂಯುಗ್ಮನದ ನಂತರ ಇಬ್ಬರು ಸಂಗಾತಿಗಳ ಚಿಕ್ಕ ಕೋಶಕೇಂದ್ರಗಳಲ್ಲಿ ಒಂದೇ ವಂಶವಾಹಿಗಳಿದ್ದರೂ, ಸಾಮಾನ್ಯವಾಗಿ 'ಓ' ಕಡೆಯ ಸಂತತಿ 'ಓ' ಆಗಿಯೇ, 'ಇ' ಕಡೆಯದು 'ಇ' ಆಗಿಯೇ ಉಳಿಯುತ್ತದೆ. ಕಾರಣ, 'ಓ' ಬಗೆಯಲ್ಲಿ, 'ಇ' ಆಗಲು ಬೇಕಾದ ಎಂಟಿಎ ಎಂಬ ವಂಶವಾಹಿಯನ್ನು ಚಾಲೂ ಮಾಡುವ ಭಾಗವೇ ಕತ್ತರಿಸಿಹೋಗಿರುತ್ತದೆ, ಮತ್ತು ಆ ಕತ್ತರಿಸುವಿಕೆ ಇದೇ ಹೋಲಿಕೆಯ ಮೂಲಕ ಸಂತತಿಗೂ ದಾಟುತ್ತದೆ.

ಪ್ಯಾರಮೀಸಿಯಂನ ಸಂಬಂಧಿಯಾದ ಟೆಟ್ರಾಹೈಮೀನಾ ಎಂಬ ಏಕಕೋಶ ಜೀವಿಯಲ್ಲಿ ಮಾತ್ರ ಹಳೆಯ ದೊಡ್ಡ ಕೋಶಕೇಂದ್ರ ಹೀಗೆ ಚೂರಾಗಿ ಉಳಿಯುವುದಿಲ್ಲ, ಕುಗ್ಗಿ ಜೀರ್ಣವಾಗುತ್ತದೆ.